ಎಂಸಿಟಿ ಎಣ್ಣೆ: ಬಿಲಿಯರಿ ಅಟ್ರೇಸಿಯಾ ಇರುವ ಮಗುವಿಗೆ ಕೊಳ್ಳುವ ಮೊದಲು

ಎಂಸಿಟಿ (ಮಧ್ಯಮ ಉದ್ದದ ಸರಪಳಿಯ ಕೊಬ್ಬು) ಎಣ್ಣೆಯ ಬಾಟಲಿ ಮನೆಗೆ ಬಂದ ದಿನವೇ ಕರಾವಳಿಯ ಅಜ್ಜಿಯಂದಿರು ಕೇಳುವ ಪ್ರಶ್ನೆ ಒಂದೇ: ‘ನಮ್ಮ ಗಾಣದ ತೆಂಗಿನೆಣ್ಣೆ ಉಂಟಲ್ಲ, ಅದು ಸಾಲದಾ?’ ಸಾಲದು. ಬಿಲಿಯರಿ ಅಟ್ರೇಸಿಯಾ ಎಂದರೆ ಪಿತ್ತನಾಳ ಮುಚ್ಚಿರುವುದು, ಅಂಥ ಮಗುವಿನ ಕರುಳಿಗೆ ಪಿತ್ತರಸ ಇಳಿಯುವುದಿಲ್ಲ. ಅದಿಲ್ಲದೆ ಸಾಮಾನ್ಯ ಕೊಬ್ಬು ಕರಗದೆ ಮಲದಲ್ಲೇ ಹೋಗುತ್ತದೆ. ಮಗು ಎಷ್ಟು ಹಾಲು ಕುಡಿದರೂ ಕೈಕಾಲು ಸೊರಗುತ್ತವೆ. ಎಂಸಿಟಿಯಲ್ಲಿರುವ 8 ಮತ್ತು 10 ಇಂಗಾಲದ ಕೊಬ್ಬಿನಾಮ್ಲಗಳಿಗೆ ಪಿತ್ತರಸದ ಹಂಗಿಲ್ಲ, ಕರುಳಿನಿಂದ ನೇರ ರಕ್ತಕ್ಕೆ ಸೇರುತ್ತವೆ. ತೆಂಗಿನೆಣ್ಣೆಯಲ್ಲಿ ಇವೆರಡೂ ಸೇರಿ ನೂರಕ್ಕೆ ಸುಮಾರು 15 ಮಾತ್ರ. ಅರ್ಧದಷ್ಟು ಇರುವುದು 12 ಇಂಗಾಲದ ಲಾರಿಕ್ ಆಮ್ಲ.

ಅಂಗಡಿಯಲ್ಲಿ ‘ಸಿಮಿಲ್ ಎಂಸಿಟಿ’ ಎಂದರೆ ಎಂಸಿಟಿ ಬೆರೆತ ಹಾಲಿನ ಪುಡಿಯೂ ಇದೆ, ಎಣ್ಣೆಯೂ ಇದೆ. ‘ಸಿಮಿಲ್ಯಾಕ್’ ಬೇರೆಯೇ, ಅದು ಸಾಮಾನ್ಯ ಹಾಲಿನ ಪುಡಿ. ಹೆಸರು ಬಾಯಲ್ಲಿ ಹೇಳಬೇಡಿ, ಚೀಟಿ ತೋರಿಸಿ. ಎಲ್ಲ ಮೆಡಿಕಲ್‌ಗಳೂ ಇದನ್ನು ಇಟ್ಟಿರುವುದಿಲ್ಲ. ಮಂಗಳೂರಿನಲ್ಲಾಗಲಿ ಮಣಿಪಾಲದಲ್ಲಾಗಲಿ ದೊಡ್ಡ ಆಸ್ಪತ್ರೆಗಳ ಎದುರಿನ ಅಂಗಡಿಗಳಲ್ಲಿ ಮೊದಲು ವಿಚಾರಿಸಿ, ಬಾಟಲಿ ಅರ್ಧವಾದಾಗಲೇ ಮುಂದಿನದಕ್ಕೆ ಹೇಳಿಡಿ. ತೂಕ ಇಳಿಸುವವರಿಗೆಂದು ಆನ್‌ಲೈನ್‌ನಲ್ಲಿ ಮಾರುವ ಎಂಸಿಟಿ ಬೇಡ. ಕೆಲವದರಲ್ಲಿ ಲಾರಿಕ್ ಬೆರೆತಿರುತ್ತದೆ, ಕೆಲವದರಲ್ಲಿ ಸುವಾಸನೆ. ಫ್ರಿಜ್‌ನಲ್ಲಿಟ್ಟರೆ ಶುದ್ಧ ಎಂಸಿಟಿ ನೀರಿನಂತೆಯೇ ಇರುತ್ತದೆ, ತೆಂಗಿನೆಣ್ಣೆ ಗಟ್ಟಿಯಾಗುತ್ತದೆ.

ಎಣ್ಣೆಗೆ ವಾಸನೆಯಿಲ್ಲ, ಬಣ್ಣವಿಲ್ಲ, 1 ಮಿಲಿಗೆ ಸುಮಾರು 8 ಕ್ಯಾಲರಿ. ಪ್ರಮಾಣ ವೈದ್ಯರೇ ಹೇಳಬೇಕು. ಸಾಮಾನ್ಯವಾಗಿ ಒಂದು ಹೊತ್ತಿಗೆ ಅರ್ಧ ಮಿಲಿಯಂತಹ ಅಳತೆಯಿಂದ ಶುರುಮಾಡಿ ಕೆಲವು ದಿನಗಳಲ್ಲಿ ಏರಿಸುತ್ತಾರೆ. ಒಮ್ಮೆಲೇ ಏರಿಸಿದರೆ ಭೇದಿ, ವಾಂತಿ. ಅಳೆಯಲು ಸೂಜಿಯಿಲ್ಲದ 1 ಮಿಲಿ ಸಿರಿಂಜ್ ಬೇಕು. ಚಹಾ ಚಮಚ 5 ಮಿಲಿಯದ್ದು, ಅದರಲ್ಲಿ ಅಂದಾಜು ಹಾಕಬಾರದು.

ಇದರ ದೊಡ್ಡ ಕಿರಿಕಿರಿ ಎಂದರೆ ಹಾಲಿನಲ್ಲಿ ಬೆರೆಯದಿರುವುದು. ಬಾಟಲಿಯ ಒಳಗೋಡೆಗೆ ಅಂಟಿ, ಮಗುವಿಗೆ ಸೇರಬೇಕಾದ ಕ್ಯಾಲರಿ ತೊಳೆದ ನೀರಿನಲ್ಲಿ ಹೋಗುತ್ತದೆ. ಹಿಂಡಿಟ್ಟ ಇಡೀ ಹಾಲಿಗೆ ಸುರಿಯಬೇಡಿ. ಆ ಹೊತ್ತಿನ ಎಣ್ಣೆಯನ್ನು ಒಂದೆರಡು ಚಮಚ ಎದೆಹಾಲಿಗೆ ಬೆರೆಸಿ, ಹಸಿವಿರುವಾಗಲೇ ಒಳಲೆಯಲ್ಲಿ ಕುಡಿಸಿ, ಆಮೇಲೆ ಎದೆಗೆ ಹಾಕಿ. ಒಳಲೆ ಸ್ಟೀಲಿನದೇ ಇರಲಿ. ಈ ಎಣ್ಣೆಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆದುವಾಗುತ್ತದೆ. ಬರೀ ಎಣ್ಣೆಯನ್ನು ಬಾಯಿಗೆ ಎಂದೂ ಬಿಡಬೇಡಿ. ಉಸಿರುನಾಳಕ್ಕೆ ಇಳಿದರೆ ಶ್ವಾಸಕೋಶದಲ್ಲಿ ನ್ಯುಮೋನಿಯಾ ಆಗುತ್ತದೆ. ಸ್ನಾನದ ಹೊತ್ತಿಗೆ ಮೂಗಿಗೆ ಎಣ್ಣೆ ಬಿಡುವ ಅಭ್ಯಾಸವನ್ನೂ ಅದಕ್ಕೇ ನಿಲ್ಲಿಸಬೇಕು.

ಪುಡಿಗೆ ಈ ತೊಂದರೆಯಿಲ್ಲ, ಆದರೆ ನಮ್ಮ ಜೂನ್‌, ಜುಲೈ ಮಳೆಯಲ್ಲಿ ಡಬ್ಬಿಯೊಳಗೆ ಗಂಟುಕಟ್ಟುತ್ತದೆ. ಗಂಟಾದ ಪುಡಿಯಲ್ಲಿ ಚಮಚದ ಅಳತೆ ತಪ್ಪಿ ಹಾಲು ನೀರಾಗುತ್ತದೆ, ಇಲ್ಲವೇ ದಪ್ಪವಾಗುತ್ತದೆ. ಸಣ್ಣ ಡಬ್ಬಿ, ಒಣ ಚಮಚ, ಬಿಗಿ ಮುಚ್ಚಳ. ಎದೆಹಾಲು ಇರುವ ತನಕ ನಮ್ಮ ಆಯ್ಕೆ ಎಣ್ಣೆಯೇ.

ಎಂಸಿಟಿಯಲ್ಲಿ ಲಿನೋಲೆನಿಕ್, ಲಿನೋಲಿಕ್‌ನಂತಹ ಅಗತ್ಯ ಕೊಬ್ಬಿನಾಮ್ಲಗಳಿಲ್ಲ, ಹಾಗಾಗಿ ಬೇರೆ ಕೊಬ್ಬನ್ನು ಪೂರ್ತಿ ಬಿಡಿಸುವಂತಿಲ್ಲ. ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಬೇರೆಯಾಗಿಯೇ ಕೊಡಬೇಕು. ಇದು ಆಹಾರವಷ್ಟೇ. ಮಲ ಬಿಳಿಚಿಕೊಂಡಿದ್ದರೆ ಇದರಿಂದ ಹಳದಿಯಾಗದು. ಕರುಳನ್ನು ಯಕೃತ್ತಿಗೆ ಜೋಡಿಸಿ ಪಿತ್ತರಸಕ್ಕೆ ದಾರಿ ಮಾಡುವ ಕಾಸಾಯ್ ಶಸ್ತ್ರಚಿಕಿತ್ಸೆ ಸಾಧ್ಯವಾದರೆ ಮಗು ಹುಟ್ಟಿದ 60 ದಿನದೊಳಗೆ ಆಗಬೇಕು. ಎಣ್ಣೆಯನ್ನೋ ನೆಲನೆಲ್ಲಿಯನ್ನೋ ನಂಬಿ ಆ ದಿನಗಳನ್ನು ಕಳೆಯಬಾರದು.

ಎಣ್ಣೆ ಮೈಗೆ ಹತ್ತುತ್ತಿದೆಯೇ ಎಂದು ತಿಳಿಯಲು ತಕ್ಕಡಿಯೊಂದೇ ಸಾಲದು. ಹೊಟ್ಟೆಯಲ್ಲಿ ನೀರು ತುಂಬಿದರೆ, ಯಕೃತ್ತು ದೊಡ್ಡದಾದರೆ ತೂಕ ಸುಳ್ಳು ಹೇಳುತ್ತದೆ. ಎಡ ರಟ್ಟೆಯ ನಡುಭಾಗದ ಸುತ್ತಳತೆಯನ್ನು ಪ್ರತಿ ಭೇಟಿಯಲ್ಲೂ ಟೇಪ್ ಹಿಡಿದು ನೋಡಲು ಹೇಳಿ, ಪುಸ್ತಕದಲ್ಲಿ ಬರೆಸಿಕೊಳ್ಳಿ.