ಎಲೆಕ್ಟ್ರಿಕ್ ಕಾರಿನ ಸದ್ದು ಮತ್ತು ಕಿವಿ ಕಟ್ಟುವುದು: ಶೀಟ್, ಬೀಡಿಂಗ್, ಟೈರ್, ಡಿಕ್ಕಿ ಬಾಗಿಲು, ಯಾವುದರಿಂದ ಏನಾಯಿತು?

ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಇಲ್ಲ, ಹಾಗಾಗಿ ಒಳಗೆ ಸದ್ದೇ ಇರುವುದಿಲ್ಲ ಅಂತ ಹೇಳುವವರು ಬಹಳ. ಉಡುಪಿಯಿಂದ ಮಂಗಳೂರಿಗೆ ಓಡಾಡುವವರನ್ನು ಕೇಳಿ ನೋಡಿ. ಕಾಪು ದಾಟಿ ವೇಗ 80ಕ್ಕೆ ಏರಿದರೆ ಸಾಕು, ಟೈರಿನ ಸದ್ದು, ಗಾಳಿಯ ಸದ್ದು ಎರಡೂ ಎದ್ದು ಕೇಳುತ್ತವೆ. ಪೆಟ್ರೋಲ್ ಕಾರಿನಲ್ಲೂ ಅವು ಇರುತ್ತವೆ. ಎಂಜಿನ್ ಸದ್ದಿನಡಿ ಮುಚ್ಚಿಹೋಗಿರುತ್ತವೆ ಅಷ್ಟೆ.

ನಮ್ಮ ಮನೆಯಲ್ಲಿ ಇದರ ಜೊತೆ ಇನ್ನೊಂದು ಕಷ್ಟ ಇತ್ತು. ಕಿವಿ ಕಟ್ಟುವುದು. ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ಮೂಲ್ಕಿ ಬರುವಷ್ಟರಲ್ಲಿ ಎರಡೂ ಕಿವಿ ಒತ್ತಿ, ತಲೆ ಭಾರ ಆಗುತ್ತಿತ್ತು. ಕಾರು ನಿಂತ ಕೂಡಲೇ ಸರಿ. ಮುಂದೆ ಕೂತರೆ ಅಷ್ಟಿಲ್ಲ. ನಮ್ಮದು ಹಿಂದೆ ದೊಡ್ಡ ಡಿಕ್ಕಿ ಬಾಗಿಲಿರುವ ಸಣ್ಣ ಎಸ್‌ಯುವಿ. ಈ ಎರಡು ಕಷ್ಟಗಳಿಗೆ ಒಂದೊಂದೇ ಉಪಾಯ ಮಾಡಿ ನೋಡುತ್ತಾ ಬಂದೆ. ಅದೇ ಹೆದ್ದಾರಿ 66, ಅದೇ ವೇಗ, ಎಸಿ ಫ್ಯಾನ್ ಅದೇ ಮಟ್ಟ. ಒಂದು ಬದಲಾವಣೆ ಮಾಡಿದ ಮೇಲೆ ಸ್ವಲ್ಪ ಕಾಲ ಓಡಿಸಿ, ಆಮೇಲೆ ಇನ್ನೊಂದು.

ಇಷ್ಟರಲ್ಲಿ ನನಗೆ ಖಾತ್ರಿಯಾದದ್ದು ಒಂದೇ. ಸದ್ದು ಬೇರೆ, ಕಿವಿ ಕಟ್ಟುವುದು ಬೇರೆ. ಸದ್ದು ಇಳಿಸುವ ದುಬಾರಿ ಕೆಲಸದಿಂದ ಕಿವಿಗೆ ಸಮಾಧಾನ ಸಿಗಲಿಲ್ಲ. ಕಿವಿಗೆ ಸಮಾಧಾನ ಕೊಟ್ಟ ಕೆಲಸಕ್ಕೆ ಖರ್ಚೇ ಆಗಲಿಲ್ಲ.

ಇದು ಯಾಕೆ ಅಂತ ತಿಳಿಯಬೇಕಾದರೆ ಅಳೆಯುವ ರೀತಿ ಗೊತ್ತಿರಬೇಕು. ಫೋನಿನ ಡೆಸಿಬೆಲ್ ಆ್ಯಪ್ ಇಟ್ಟುಕೊಂಡು ಕೂತರೆ ದಾರಿ ತಪ್ಪುತ್ತದೆ. ಅವು ಸಾಮಾನ್ಯವಾಗಿ ತೋರಿಸುವುದು ‘ಎ’ ಅಳತೆ. ಮನುಷ್ಯರ ಕಿವಿಗೆ ತಗ್ಗು ಸ್ವರ ಕಡಿಮೆ ಕೇಳುತ್ತದೆ ಅನ್ನುವ ಕಾರಣಕ್ಕೆ ಆ ಅಳತೆಯಲ್ಲಿ 50 ಹರ್ಟ್ಜ್ (ಅಂದರೆ ಸೆಕೆಂಡಿಗೆ 50 ಸಲ ಅದುರುವ) ಸದ್ದಿನಿಂದ ಸುಮಾರು 30 ಡೆಸಿಬೆಲ್ ಕಳೆದೇ ಲೆಕ್ಕ ಹಾಕುತ್ತಾರೆ. 100 ಹರ್ಟ್ಜ್ ಸದ್ದಿನಿಂದ 19. ಕಿವಿ ಒತ್ತುವ ಗುಂ ಸದ್ದು ಇರುವುದೇ ಅಲ್ಲಿ! ಆ್ಯಪಿನಲ್ಲಿ ‘ಸಿ’ ಅಳತೆ ಇದ್ದರೆ ಅದನ್ನು ಆರಿಸಿಕೊಳ್ಳಿ. ಅದರಲ್ಲಿ 50 ಹರ್ಟ್ಜ್‌ಗೆ ಕಳೆಯುವುದು ಒಂದೂವರೆ ಡೆಸಿಬೆಲ್ ಕೂಡ ಇಲ್ಲ. ಸ್ವರಗಳನ್ನು ಗೆರೆ ಎಳೆದು ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಇನ್ನೂ ಒಳ್ಳೆಯದು. ಫೋನಿನ ಮೈಕ್ ತಗ್ಗು ಸ್ವರಕ್ಕೆ ಅಷ್ಟು ಚುರುಕಲ್ಲ, ಆದರೆ ಮೊದಲು ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸಲು ಸಾಕು. ನಮ್ಮ ಕಾರಿನಲ್ಲಿ 30ರಿಂದ 60 ಹರ್ಟ್ಜ್ ನಡುವೆ ಒಂದು ದಿಬ್ಬ ಎದ್ದು ಕಾಣುತ್ತಿತ್ತು. ಶತ್ರು ಅದೇ.

ಮೊದಲು ಮಾಡಿಸಿದ್ದು ಡ್ಯಾಂಪಿಂಗ್ ಶೀಟ್, ಅಂದರೆ ತಗಡಿನ ಅದುರು ತಡೆಯಲು ಅಂಟಿಸುವ ಹಾಳೆ. ಮಂಗಳೂರಿನ ಒಂದು ಅಂಗಡಿಯಲ್ಲಿ ಒಂದು ಬಾಗಿಲಿಗೆ ಡಾಂಬರಿನ ಶೀಟ್, ಇನ್ನೊಂದಕ್ಕೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಬ್ಯೂಟೈಲ್ ರಬ್ಬರಿನ ಶೀಟ್ ಹಾಕಿಸಿದೆ. ಹೋಲಿಸಿ ನೋಡಲೆಂದೇ. ಬೆರಳಿನ ಗೆಣ್ಣಿನಿಂದ ತಗಡು ಬಡಿದರೆ ಎರಡರಲ್ಲೂ ‘ಡಣ್’ ಹೋಗಿ ‘ಧಪ್’ ಬಂತು. ಆದರೆ ಏಪ್ರಿಲ್ ಬಿಸಿಲಿಗೆ ಡಾಂಬರಿನ ಶೀಟ್ ವಾಸನೆ ಬಿಡತೊಡಗಿತು, ಒಂದು ಮೂಲೆ ಜಾರಿತು. ನಮ್ಮ ಕರಾವಳಿಯ ಸೆಕೆಗೆ ಅದು ಬೇಡವೇ ಬೇಡ. ಬ್ಯೂಟೈಲ್ ಅಲ್ಲಾಡಲಿಲ್ಲ. ಉಳಿದ ಬಾಗಿಲು, ಡಿಕ್ಕಿಯ ನೆಲ, ಹಿಂದಿನ ಚಕ್ರದ ಮೇಲಿನ ಭಾಗ, ಎಲ್ಲಕ್ಕೂ ಅದನ್ನೇ ಹಾಕಿಸಿದೆ. ಮೇಲೊಂದು ಪದರ ಫೋಮ್.

ಫಲ ಸಿಕ್ಕಿದ್ದು ಸುಳ್ಳಲ್ಲ. ಬಾಗಿಲು ಹಾಕುವ ಸದ್ದು ಗಟ್ಟಿಯಾಯಿತು. ಜಲ್ಲಿ ಕಲ್ಲು ಸಿಡಿಯುವ ಸದ್ದು ಇಳಿಯಿತು. ಬೆಂದೂರ್‌ವೆಲ್, ಕಂಕನಾಡಿ ಕಡೆಯ ಕಾಂಕ್ರೀಟ್ ರಸ್ತೆಯಲ್ಲಿ ಬರುವ ಸುಯ್ ಸದ್ದು, ಮೋಟಾರಿನ ಸಣ್ಣ ಕೀರಲು ಸ್ವರ, ಎರಡೂ ಹಿಂದೆ ಸರಿದವು. ಸ್ಟೀರಿಯೊ ಚೆನ್ನಾಗಿ ಕೇಳತೊಡಗಿತು. ಆದರೆ ಅಮ್ಮನ ಕಿವಿ? ಹಾಗೇ ಇತ್ತು. ಮೇಲಿನ ಸ್ವರಗಳು ಇಳಿದದ್ದರಿಂದ ಗುಂ ಸದ್ದು ಇನ್ನೂ ಜಾಸ್ತಿ ಅನ್ನಿಸಿತು.

ಲೆಕ್ಕ ನೋಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಫೋಮ್ ಸದ್ದನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಆ ಸದ್ದಿನ ಅಲೆಯ ಕಾಲು ಭಾಗಕ್ಕೆ ಹತ್ತಿರ ಇರಬೇಕು. 5,000 ಹರ್ಟ್ಜ್ ಅಲೆಯ ಉದ್ದ 7 ಸೆಂಟಿಮೀಟರ್, ಅಲ್ಲಿಗೆ ತೆಳು ಫೋಮ್ ಸಾಕು. 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್! ಕಾಲು ಭಾಗ ಅಂದರೂ ಒಂದಾಳು ಎತ್ತರದ ಫೋಮ್ ಬೇಕು. ತೂಕ ಹೆಚ್ಚಿಸಿ ತಡೆಯೋಣ ಅಂದರೆ, ತಗಡಿನ ತೂಕ ಎರಡು ಪಟ್ಟು ಮಾಡಿದರೂ ತಡೆ ಹೆಚ್ಚುವುದು ಸುಮಾರು 6 ಡೆಸಿಬೆಲ್. ಅಷ್ಟು ತೂಕ ಹೊತ್ತರೆ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಅದರ ಕಥೆ ಏನು?

ಶೀಟ್ ಹಾಕಿಸುವವರಿಗೆ ಎರಡು ಮಾತು. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳಿರುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆ ತೂತು ಮುಚ್ಚಿದರೆ ಬಾಗಿಲೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ನೀರು ಹೀರುವ ಫೆಲ್ಟ್, ಸೆಣಬಿನ ಪದರ ಕೂಡ ಬೇಡ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಇನ್ನೊಂದು, ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗಿಗಾಗಿ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದರ ಹತ್ತಿರ ಕೈ ಹಾಕುವ ಮೊದಲು ವಿಚಾರಿಸಿ. ಕಿತ್ತಳೆ ಬಣ್ಣದ ವೈರ್ ಕಂಡರೆ ಅದು ಹೈ ವೋಲ್ಟೇಜ್, ಮುಟ್ಟಲೇ ಬಾರದು.

ಬೀಡಿಂಗ್ ವಿಷಯ ಬೇಗ ಮುಗಿಸುತ್ತೇನೆ. ಬಾಗಿಲ ಅಂಚಿಗೆ ಅಂಟಿಸುವ ರಬ್ಬರ್ ಪಟ್ಟಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಾಳಿಯ ಸಿಳ್ಳೆ ಸದ್ದಿಗೆ ಅದು ಶೀಟಿಗಿಂತ ಮೇಲು. ಪಡುಬಿದ್ರಿ ಹತ್ತಿರ ಸಮುದ್ರದ ಗಾಳಿ ಅಡ್ಡ ಬೀಸುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಕಾರು ಬಿಗಿಯಾದಷ್ಟೂ ಬಾಗಿಲು ಹಾಕುವಾಗ ಕಿವಿಗೆ ಒತ್ತು ಜಾಸ್ತಿ.

ಈ ಒತ್ತಿನ ಹಿಂದೆ ಹೋದಾಗ ಒಂದು ಒಳ್ಳೆಯ ಸಂಗತಿ ಸಿಕ್ಕಿತು. ಹಿಂದಿನ ಬಂಪರಿನ ಒಳಗೆ ಎಡಬಲದಲ್ಲಿ ಸಣ್ಣ ರಬ್ಬರ್ ರೆಕ್ಕೆಗಳ ಕಿಂಡಿ ಇರುತ್ತದೆ. ಒಳಗಿನ ಗಾಳಿ ಹೊರಗೆ ಹೋಗಲು ಅದೇ ದಾರಿ. ಶೀಟ್ ಹಾಕಿದ ಅಂಗಡಿಯವರು ಒಂದು ಕಡೆಯ ಕಿಂಡಿಯನ್ನು ಫೋಮಿನಿಂದ ಮುಚ್ಚಿಬಿಟ್ಟಿದ್ದರು. ಅದನ್ನು ಕತ್ತರಿಸಿ ತೆಗೆದ ಮೇಲೆ ಬಾಗಿಲು ಹಾಕುವಾಗಿನ ಒತ್ತು ಇಳಿಯಿತು. ನಿಮ್ಮ ಕಾರಿನಲ್ಲಿ ನೋಡಬೇಕೇ? ಎಲ್ಲಾ ಗ್ಲಾಸ್ ಏರಿಸಿ ಒಮ್ಮೆ ಬಾಗಿಲು ಹಾಕಿ, ಒಂದು ಗ್ಲಾಸ್ ಎರಡು ಬೆರಳಷ್ಟು ಇಳಿಸಿ ಇನ್ನೊಮ್ಮೆ ಹಾಕಿ. ವ್ಯತ್ಯಾಸ ತುಂಬಾ ಇದ್ದರೆ ಕಿಂಡಿಯ ಕಡೆ ಕಣ್ಣು ಹಾಯಿಸಿ. ಕೆಲವೊಮ್ಮೆ ಡಿಕ್ಕಿಯ ಸಾಮಾನೇ ಅದಕ್ಕೆ ಅಡ್ಡ ಕೂತಿರುತ್ತದೆ.

ಈಗ ಡಿಕ್ಕಿ ಬಾಗಿಲು. ನನ್ನ ಮಟ್ಟಿಗೆ ಗೆದ್ದದ್ದು ಇದೇ ಮಾರಾಯ್ರೆ. ಸೆಡಾನ್ ಕಾರಿನಲ್ಲಿ ಡಿಕ್ಕಿಗೂ ನಮಗೂ ನಡುವೆ ಗೋಡೆ ಇರುತ್ತದೆ. ಇಂಥ ಕಾರಿನಲ್ಲಿ ಇಲ್ಲ. ಅಷ್ಟು ಅಗಲದ ಬಾಗಿಲು ರಬ್ಬರಿನ ಮೇಲೆ ಸಡಿಲವಾಗಿ ಕೂತರೆ ರಸ್ತೆಯ ಅದುರಿಗೆ ಚೆಂಡೆಯ ಚರ್ಮದ ಹಾಗೆ ಒಳಗೆ ಹೊರಗೆ ಆಡುತ್ತದೆ. ಒಳಗಿನ ಗಾಳಿಯನ್ನೆಲ್ಲ ಒತ್ತಿ ಎಳೆಯುತ್ತದೆ. ಅದು ಕಿವಿಗೆ ಸದ್ದಾಗಿ ಕೇಳುವುದಕ್ಕಿಂತ ಒತ್ತಡವಾಗಿ ತಿಳಿಯುತ್ತದೆ. ಕೂಳೂರು ಸೇತುವೆಯ ಜಾಯಿಂಟ್ ದಾಟುವಾಗ ಹಿಂದಿನಿಂದ ‘ಧುಂ’ ಅಂತ ತಳ್ಳಿದಂತೆ ಆಗುತ್ತಿದ್ದದ್ದು ಇದರಿಂದಲೇ.

ಪರೀಕ್ಷೆ ಸುಲಭ. ಒಂದು ಕಾಗದದ ಚೂರನ್ನು ರಬ್ಬರಿನ ಮೇಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಹಿಡಿತ ಇಲ್ಲ ಅಂತ ಅರ್ಥ. ನಮ್ಮದರಲ್ಲಿ ಕೆಳಗಿನ ಎರಡು ಮೂಲೆಯಲ್ಲಿ ಜಾರುತ್ತಿತ್ತು. ಬಾಗಿಲಿನ ಅಂಚಿನಲ್ಲಿ ತಿರುಗಿಸುವ ರಬ್ಬರ್ ಗುಬುಟುಗಳಿರುತ್ತವೆ. ಅವನ್ನು ಸ್ವಲ್ಪ ಸ್ವಲ್ಪವೇ ಹೊರಗೆ ತಿರುಗಿಸಿದೆ. ಅವು ಬಾಗಿಲಿಗೆ ಗಟ್ಟಿ ಆಸರೆ ಕೊಡಬೇಕು, ಆದರೆ ಮುಚ್ಚಲು ಬಲ ಹಾಕುವಂತೆ ಆಗಬಾರದು. ಬಾಗಿಲಿನ ಕೊಂಡಿಯನ್ನು ಸರ್ವೀಸ್ ಸೆಂಟರಿನಲ್ಲಿ ಒಂದು ಕೂದಲೆಳೆ ಒಳಗೆ ಸರಿಸಿದರು. ಡಿಕ್ಕಿಯ ಮೇಲೆ ಮುಚ್ಚುವ ಗಟ್ಟಿ ಹಲಗೆಯನ್ನು ಮನೆಯ ಅಟ್ಟದಿಂದ ತಂದು ಮತ್ತೆ ಹಾಕಿದೆ. ದಿಬ್ಬ ಕುಗ್ಗಿದ್ದು ಸ್ಪೆಕ್ಟ್ರಮ್ ಆ್ಯಪಿನಲ್ಲೇ ಕಂಡಿತು. ಅದಕ್ಕಿಂತ ಮುಖ್ಯ, ಅಮ್ಮ ಸುರತ್ಕಲ್ ದಾಟಿದ ಮೇಲೂ ಮಾತಾಡುತ್ತಾ ಕೂತಿದ್ದರು.

ಟೈರಿನ ವಿಷಯದಲ್ಲಿ ಮೊದಲು ಗಾಳಿ. ರೇಂಜ್ ಸಿಗುತ್ತದೆ ಅಂತ ಜಾಸ್ತಿ ಗಾಳಿ ತುಂಬುವ ಅಭ್ಯಾಸ ತುಂಬಾ ಜನರಿಗಿದೆ. ಟೈರ್ ಕಲ್ಲಿನಂತಾಗಿ ಪ್ರತಿ ಅದುರೂ ಒಳಗೆ ಬರುತ್ತದೆ. ಚಾಲಕನ ಬಾಗಿಲಿನ ಕಂಬದ ಮೇಲೆ ಬರೆದಷ್ಟೇ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ತುಂಬಿ. ಡಿಕ್ಕಿ ಬಾಗಿಲಿನ ನಂತರ ಕಿವಿಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಇದು.

ಟೈರನ್ನೇ ಬದಲಿಸುವ ಕಾಲ ಬಂದಾಗ ಮೆತ್ತಗಿನ, ಆರಾಮಕ್ಕೆಂದು ಮಾಡಿದ ಟೈರ್ ಹಾಕಿಸಿದೆ. ಕಾಂಕ್ರೀಟ್ ರಸ್ತೆಯ ಸದ್ದು ಇಳಿದದ್ದು ಶೀಟಿಗಿಂತ ಇದರಿಂದಲೇ ಜಾಸ್ತಿ. ರೇಂಜ್ ಸ್ವಲ್ಪ ಕಡಿಮೆಯಾಯಿತು, ನನಗೆ ಬೇಸರ ಇಲ್ಲ. ಲೇಬಲ್ ಮೇಲಿನ ಡೆಸಿಬೆಲ್ ಅಂಕಿ ನೋಡಿ ಟೈರ್ ಆರಿಸಬೇಡಿ. ಅದು ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು, ಒಳಗೆ ಕೂತವರಿಗಲ್ಲ. ಬ್ಯಾಟರಿಯಿಂದ ಈ ಕಾರುಗಳು ಭಾರ, ಆದ್ದರಿಂದ ಟೈರಿನ ಲೋಡ್ ಅಂಕಿ (ಎಷ್ಟು ಭಾರ ಹೊರಬಲ್ಲದು ಅನ್ನುವ ಗುರುತು) ಹಳೆಯದಕ್ಕಿಂತ ಇಳಿಯಬಾರದು. ಒಳಗೆ ಫೋಮ್ ಅಂಟಿಸಿದ ಟೈರಿರುವ ನೆಂಟರ ಕಾರಿನಲ್ಲೂ ಕೂತು ನೋಡಿದೆ. ಟೈರಿನೊಳಗಿನ ಗಾಳಿ 200 ಹರ್ಟ್ಜ್ ಆಸುಪಾಸಿನಲ್ಲಿ ಮೊಳಗುವ ಸದ್ದನ್ನು ಅದು ಚೆನ್ನಾಗಿ ಅಡಗಿಸುತ್ತದೆ. ಕಿವಿ ಒತ್ತುವ ತಗ್ಗು ಸ್ವರ ಅದರ ಕೈಗೆ ಸಿಗುವುದಿಲ್ಲ. ಪಂಕ್ಚರ್ ಕೆಲಸವೂ ಕಷ್ಟ.

ಮಳೆಗಾಲಕ್ಕೆ ಬೇರೆ ಲೆಕ್ಕ. ಜುಲೈ ಮಳೆಯಲ್ಲಿ ಮಾಡಿನ ತಗಡಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಮಾಡಿನ ಒಳಗೆ ಅಲ್ಲಲ್ಲಿ ಬ್ಯೂಟೈಲ್ ತುಂಡು ಅಂಟಿಸಿದ್ದು ಬಹಳ ಉಪಕಾರ ಮಾಡಿತು. ಪೂರ್ತಿ ಮುಚ್ಚಬೇಕಿಲ್ಲ, ತಗಡಿನ ಕಾಲು ಭಾಗಕ್ಕೆ ಅಂಟಿಸಿದರೂ ಅದುರು ನಿಲ್ಲುತ್ತದೆ. ಕರಾವಳಿಯವರು ಶೀಟಿಗೆ ಒಂದೇ ಕಡೆ ದುಡ್ಡು ಹಾಕುವುದಾದರೆ ಬಾಗಿಲು ಬಿಟ್ಟು ಮಾಡಿಗೆ ಹಾಕಿ ಅನ್ನುತ್ತೇನೆ. ಪಕ್ಕದ ಪರದೆ ಏರ್‌ಬ್ಯಾಗ್ ಇರುವ ಕಾರಾದರೆ ಮಾಡಿನ ಬಟ್ಟೆ ಬಿಚ್ಚುವ ಕೆಲಸ ಗೊತ್ತಿದ್ದವರೇ ಮಾಡಬೇಕು.

ಸದ್ದು ಕೊಲ್ಲುವ ಹೆಡ್‌ಫೋನ್ ಹಿಂದೆ ಕೂತವರಿಗೆ ಪರವಾಗಿಲ್ಲ. ತಗ್ಗು ಸ್ವರಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಮ್ಮನಿಗೆ ಅದನ್ನು ಹಾಕಿದರೂ ಕಿವಿ ಕಟ್ಟಿದಂತೆ ಆಗಿ ತೆಗೆದಿಟ್ಟರು. ಓಡಿಸುವವರು ಹಾಕಲೇ ಬಾರದು. ಹಿಂದಿನ ಒಂದೇ ಗ್ಲಾಸ್ ಇಳಿಸುವುದೂ ಬೇಡ. ವೇಗದಲ್ಲಿ ಅದು ಧಬ್ ಧಬ್ ಅಂತ ಕಿವಿಗೆ ಬಡಿಯುತ್ತದೆ. ಇಳಿಸಲೇಬೇಕಿದ್ದರೆ ಎದುರು ಬದಿಯ ಮುಂದಿನ ಗ್ಲಾಸನ್ನೂ ಸ್ವಲ್ಪ ಇಳಿಸಿ, ಆ ಬಡಿತ ನಿಲ್ಲುತ್ತದೆ.

ಘಾಟಿಯಲ್ಲಿ ಕಿವಿ ಕಟ್ಟುವುದಕ್ಕೆ ಇವು ಯಾವುವೂ ಮದ್ದಲ್ಲ. ಉಡುಪಿಯಿಂದ ಹೆಬ್ರಿ ದಾಟಿ ಆಗುಂಬೆಗೆ ಹತ್ತಿದರೆ 600 ಮೀಟರಿಗೂ ಮೇಲೆ ಹೋಗಿರುತ್ತೇವೆ. ಗಾಳಿಯ ಒತ್ತಡ ಶೇ 7ರಷ್ಟು ಇಳಿದಿರುತ್ತದೆ. ಅದು ಯಾವ ಕಾರಿನಲ್ಲೂ ಒಂದೇ. ಹತ್ತುವಾಗ ಕಿವಿ ತಾನಾಗಿ ಬಿಡುತ್ತದೆ. ಇಳಿಯುವಾಗಲೇ ಕಷ್ಟ, ನುಂಗಿದರೆ ಅಥವಾ ಆಕಳಿಸಿದರೆ ಕಿವಿಯೊಳಗಿನ ನಾಳ ತೆರೆಯುತ್ತದೆ. ಶೀತ ಆಗಿರುವ ಮಕ್ಕಳಿಗೆ ನೋವೂ ಬರುತ್ತದೆ. ಮಗ ನಿದ್ದೆ ಮಾಡುತ್ತಿದ್ದರೆ ಆಗುಂಬೆಯಲ್ಲೇ ಎಬ್ಬಿಸಿ, ಸೋಮೇಶ್ವರ ತಲುಪುವವರೆಗೆ ಗುಟುಕು ಗುಟುಕಾಗಿ ನೀರು ಕುಡಿಸುತ್ತೇವೆ.