38 ಕಪ್‌ಕೇಕ್, ಒಂದು ಹೊಸ ಜರಡಿ

ಅಲರ್ಜಿ ಇರುವ ಮಗಳ ಹುಟ್ಟುಹಬ್ಬಕ್ಕೆ ಹಾಲು, ಗೋಡಂಬಿಯಂಥ ಬೀಜ ಇಲ್ಲದ ಕಪ್‌ಕೇಕ್ ಬೇಕು ಎಂದು ಮೊದಲ ಸಲ ಫೋನ್ ಮಾಡಿದಾಗ, ಮನೆಯಲ್ಲೇ ಕೇಕ್ ಮಾಡುವ ಆ ಮೇಡಂ ಆಗಲ್ಲ ಅಂದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಆವಾಗ.

"ಶುಕ್ರವಾರಕ್ಕೆ ಬೇಡ ಸರ್. ಗುರುವಾರ ಬಾದಾಮಿ ಕೇಕಿನ ದೊಡ್ಡ ಆರ್ಡರ್ ಇದೆ. ಅಡುಗೆಮನೆ ತುಂಬಾ ಬಾದಾಮಿ ಪುಡಿ ಹಾರಾಡ್ತಿರುತ್ತೆ. ಸೋಮವಾರಕ್ಕೆ ಆದ್ರೆ ಮಾಡ್ಕೊಡ್ತೀನಿ. ಭಾನುವಾರ ನಿಮ್ಮದು ಬಿಟ್ಟು ಬೇರೆ ಏನೂ ಇಟ್ಕೊಳ್ಳಲ್ಲ."

ಮಗಳ ಹುಟ್ಟುಹಬ್ಬ ಶುಕ್ರವಾರವೇ ಇತ್ತು. ಸೋಮವಾರ ಕ್ಲಾಸಲ್ಲಿ ಹಂಚೋಣ ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ನನಗೂ ನನ್ನ ಹೆಂಡತಿಗೂ ಸಾಕುಸಾಕಾಯಿತು. ಎರಡನೇ ಕ್ಲಾಸಿನ ಮಕ್ಕಳಿಗೆ ಮೂರು ದಿನ ಅಂದ್ರೆ ಮೂರು ವರ್ಷ. ಕೊನೆಗೆ "ಎರಡು ಸಲ ಹುಟ್ಟುಹಬ್ಬ" ಎಂಬ ಆಸೆ ತೋರಿಸಿ ಒಪ್ಪಿಸಿದೆವು.

ನಾವು ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಕೇಕ್ ಮಾಡಿಕೊಟ್ಟವರು ಸರಸ್ವತಿಪುರಂನ ಒಬ್ಬರು ಗೃಹಿಣಿ. ಮನೆಯಲ್ಲೇ ಒಂದು ಓವನ್ ಇಟ್ಟುಕೊಂಡು ಬೇಕಿಂಗ್ ಮಾಡುತ್ತಾರೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. "ನಾಲ್ಕು ಜನ ಜಾಸ್ತಿ ಬಂದ್ರೆ ನನ್ ಕೈಲಿ ಆಗಲ್ಲ, ಆಮೇಲೆ ತಪ್ಪಾಗುತ್ತೆ" ಅಂದರು. ಹೆಸರಿಲ್ಲದ ರಿವ್ಯೂ ಯಾರಿಗೆ ಬೇಕು ಅಂತ ನೀವು ಕೇಳಬಹುದು. ಆದರೂ ಬರೆಯುತ್ತಿದ್ದೇನೆ. ನಿಮ್ಮ ಊರಲ್ಲಿ ಇಂಥ ಒಬ್ಬರನ್ನು ಹುಡುಕುವಾಗ ಏನು ನೋಡಬೇಕು ಅನ್ನೋದಾದರೂ ಗೊತ್ತಾಗಲಿ.

ಮಗಳಿಗೆ ಹಾಲು ಮತ್ತು ಗೋಡಂಬಿ ಆಗಲ್ಲ. ಹಾಲು ಅಂದರೆ ಮೊಸರು, ಬೆಣ್ಣೆ, ಪನೀರ್, ಖೋವಾ ಎಲ್ಲವೂ. ತುಪ್ಪವೂ. ಬೆಣ್ಣೆ ಕಾಯಿಸಿ ಗಸಿ ಸೋಸಿದರೂ ತುಪ್ಪದಲ್ಲಿ ಹಾಲಿನ ಪ್ರೋಟೀನ್ ಒಂದಿಷ್ಟು ಉಳಿದೇ ಉಳಿಯುತ್ತೆ. ಮೈಸೂರಲ್ಲೇ ಹುಟ್ಟಿದ ಮಗು, ಮೈಸೂರ್‌ಪಾಕ್ ಬಾಯಿಗಿಟ್ಟಿಲ್ಲ. ದೇವರಾಜ ಮಾರುಕಟ್ಟೆ ಕಡೆ ಹೋದಾಗ ಆ ತುಪ್ಪದ ಘಮಕ್ಕೆ "ಅಪ್ಪ, ಇದು ನಂಗಾಗದ ವಾಸನೆ ಅಲ್ವಾ?" ಅಂತಾಳೆ.

ನೆಂಟರಿಗೆ ಹೇಳಿ ಹೇಳಿ ಗಂಟಲು ಒಣಗಿದೆ. ಲ್ಯಾಕ್ಟೋಸ್ ಇಲ್ಲದ ಹಾಲು ಕೊಡಿ ಎಂದು ಸಲಹೆ ಕೊಟ್ಟವರೇ ಐದಾರು ಜನ. ಲ್ಯಾಕ್ಟೋಸ್ ಹಾಲಿನಲ್ಲಿರುವ ಸಕ್ಕರೆ. ಅದು ಜೀರ್ಣ ಆಗದಿದ್ದರೆ ಹೊಟ್ಟೆನೋವು, ಭೇದಿ. ಇವಳಿಗೆ ಆಗದೇ ಇರೋದು ಹಾಲಿನ ಪ್ರೋಟೀನ್. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಅದು ಹಾಗೇ ಇರುತ್ತೆ. ಎರಡೂ ಒಂದೇ ಅಲ್ಲ.

ಕ್ಲಾಸಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದಾಗ ಇವಳಿಗೆ ಸಿಕ್ಕ ಚಾಕಲೇಟ್, ಕೇಕು, ಪೇಡ ಎಲ್ಲವೂ ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಮನೆಗೆ ಬರುತ್ತೆ. ಅವಳು ತಿನ್ನೋದಿಲ್ಲ, ತಮ್ಮನಿಗೆ ಕೊಡುತ್ತಾಳೆ. ಬದಲಿಗೆ ನಾವು ಮನೆಯಲ್ಲಿ ಕೊಬ್ಬರಿ, ಬೆಲ್ಲದ ಕಮರ್‌ಕಟ್ ಕೊಡುತ್ತೇವೆ. ತಮ್ಮನಿಗೆ ಈಗ ನಾಲ್ಕು ವರ್ಷ. ಅಕ್ಕನ ಕ್ಲಾಸಿನ ಅಷ್ಟೂ ಮಕ್ಕಳ ಹುಟ್ಟುಹಬ್ಬ ಅವನಿಗೆ ಬಾಯಿಪಾಠ.

ಪೆನ್ಸಿಲ್ ಹಂಚಬಹುದಿತ್ತಲ್ಲ ಅಂತೀರಾ? ಹೋದ ವರ್ಷ ಅದೇ ಮಾಡಿದ್ದೆವು. ಸಲೀಸು, ಅಗ್ಗ, ಯಾರಿಗೂ ತೊಂದರೆ ಇಲ್ಲ. ಎಷ್ಟೋ ಶಾಲೆಗಳೇ ಈಗ ತಿಂಡಿ ಬೇಡ, ಪೆನ್ಸಿಲ್ ಕೊಡಿ ಅಂತಾವೆ. ಈ ಸಲ ಅವಳು ಕೇಳಿದ್ದು ಒಂದೇ. ನಾನು ಕೊಟ್ಟಿದ್ದನ್ನ ಎಲ್ಲರೂ ತಿನ್ನಬೇಕು, ನಾನೂ ಅವರ ಜೊತೆ ಕೂತು ತಿನ್ನಬೇಕು.

ಮೊದಲು ಹೋಗಿದ್ದು ಬೇಕರಿಗಳಿಗೇ. ನಾಲ್ಕು ಕಡೆ ಕೇಳಿದೆ. "ಹಾಲಿಲ್ಲದ ಕೇಕ್ ಇದೆಯಾ?" ನಾಲ್ಕೂ ಕಡೆ ಒಂದೇ ಉತ್ತರ: "ಎಗ್‌ಲೆಸ್ ಇದೆ ಸರ್." ನಮ್ಮೂರಲ್ಲಿ ಎಗ್‌ಲೆಸ್ ಅನ್ನೋದು ಎಲ್ಲ ಪ್ರಶ್ನೆಗೂ ಉತ್ತರ ಆಗಿಬಿಟ್ಟಿದೆ. ಆದರೆ ಮೊಟ್ಟೆ ತೆಗೆದ ಮೇಲೆ ಆ ಜಾಗಕ್ಕೆ ಸಾಮಾನ್ಯವಾಗಿ ಹಾಕೋದೇ ಮೊಸರು ಇಲ್ಲಾ ಕಂಡೆನ್ಸ್ಡ್ ಮಿಲ್ಕ್. ಅಂದರೆ ಎಗ್‌ಲೆಸ್ ಕೇಕಿನಲ್ಲಿ ಹಾಲು ಜಾಸ್ತಿಯೇ ಇರಬಹುದು! ಹಸಿರು ಚುಕ್ಕಿ ನೋಡಿ ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ಅದು ಸಸ್ಯಾಹಾರ ಅನ್ನೋದರ ಗುರುತು ಅಷ್ಟೇ. ಹಾಲಿಗೂ ಅದೇ ಚುಕ್ಕಿ, ಗೋಡಂಬಿಗೂ ಅದೇ ಚುಕ್ಕಿ.

ಇಂಥ ಪಾಠ ನಾವು ಕಲಿತಿದ್ದು ಸುಮ್ನೆ ಅಲ್ಲ. ಇವಳಿಗೆ ನಾಲ್ಕು ವರ್ಷ ಇದ್ದಾಗ ಒಂದು ಬೇಕರಿಯ ಹುಡುಗ "ಹಾಲು ಹಾಕಿಲ್ಲ, ಗ್ಯಾರಂಟಿ" ಅಂದ. ನಂಬಿದೆ. ಒಂದು ಬೆರಳು ಕ್ರೀಮ್ ನೆಕ್ಕಿದ್ದಳು ಅಷ್ಟೇ. ಹತ್ತು ನಿಮಿಷದಲ್ಲಿ ತುಟಿ ಊದಿಕೊಂಡು, ಮೈಯೆಲ್ಲ ದದ್ದು ಎದ್ದು, ಕೆಮ್ಮು ಶುರುವಾಯಿತು. ಆ ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ಹುಡುಗನದ್ದೇ ತಪ್ಪು ಅಂತ ಹೇಗೆ ಹೇಳೋದು? ಕ್ರೀಮ್ ಡಬ್ಬದ ಮೇಲೆ "ನಾನ್ ಡೇರಿ", ಅಂದರೆ ಹಾಲಿನದ್ದಲ್ಲ, ಅಂತ ಇದ್ದಿರಬೇಕು, ಅವನು ಅಷ್ಟು ಓದಿದ್ದಾನೆ.

ಇದನ್ನೇ ಸರಸ್ವತಿಪುರಂನ ಮೇಡಂಗೆ ಹೇಳಿದೆ. ಅವರು ಏನೂ ಮಾತಾಡದೆ ಫ್ರಿಜ್ ತೆಗೆದು ಒಂದು ಕ್ರೀಮ್ ಪ್ಯಾಕ್ ತಂದು ನನ್ನ ಕೈಗೆ ಕೊಟ್ಟರು. ಮುಂದೆ ದೊಡ್ಡದಾಗಿ ನಾನ್ ಡೇರಿ. ಹಿಂದೆ ತಿರುಗಿಸಿ, ಕನ್ನಡಕ ಹಾಕಿಕೊಂಡು, ಉಗುರಿನಿಂದ ಒಂದು ಸಾಲು ಗೀರಿ ತೋರಿಸಿದರು: ಸೋಡಿಯಂ ಕೇಸಿನೇಟ್. ಹಾಲಿನಿಂದಲೇ ತೆಗೆದ ಪ್ರೋಟೀನ್ ಅದು. "ಇದನ್ನ ನಿಮ್ ಮಗೂಗೆ ಹಾಕಲ್ಲ. ಕ್ರೀಮೇ ಬೇಡ ಬಿಡಿ" ಅಂದರು.

ಅವರು ಕೇಳಿದ ಮುಂದಿನ ಪ್ರಶ್ನೆಗೆ ನನಗೆ ನಾಚಿಕೆ ಆಯಿತು. "ಕ್ಲಾಸಲ್ಲಿ ಬೇರೆ ಯಾರಿಗೆ ಏನು ಆಗಲ್ಲ?" ನಾನು ಕೇಳಿಯೇ ಇರಲಿಲ್ಲ. ನನ್ನ ಮಗಳಿಗಾಗಿ ಊರೆಲ್ಲ ಜಗಳ ಆಡುವವನು, ಪಕ್ಕದ ಬೆಂಚಿನ ಮಗುವನ್ನು ಮರೆತಿದ್ದೆ. ಅಲ್ಲಿಂದಲೇ ಮಿಸ್‌ಗೆ ಮೆಸೇಜ್ ಹಾಕಿದೆ. ಒಬ್ಬ ಹುಡುಗನಿಗೆ ಕಡಲೆಕಾಯಿ, ಒಬ್ಬಳು ಹುಡುಗಿಗೆ ಮೊಟ್ಟೆ ಆಗಲ್ಲ ಎಂದು ಉತ್ತರ ಬಂತು. ಮೇಡಂ ಕೂಡಲೇ ಅಂದರು, "ಹಾಗಾದ್ರೆ ಎಣ್ಣೆ ಸೂರ್ಯಕಾಂತಿದು. ಮನೇಲಿ ಕಡ್ಲೆಕಾಯಿ ಎಣ್ಣೆ ಇದೆ, ಅದನ್ನ ಆಚೆ ಇಡ್ತೀನಿ. ಅವತ್ತು ಚಿತ್ರಾನ್ನನೂ ಇಲ್ಲ ನಮ್ಮನೇಲಿ." ಒಳಗಿಂದ ಅವರ ಯಜಮಾನರು ಏನೋ ಗೊಣಗಿದ್ದು ಕೇಳಿಸಿತು.

ಕೇಕು ತುಂಬಾ ಸರಳ. ಮೈದಾ, ಸಕ್ಕರೆ, ಕೋಕೋ ಪುಡಿ, ಎಣ್ಣೆ, ನೀರು, ಚಿಟಿಕೆ ಉಪ್ಪು, ಅಡುಗೆ ಸೋಡಾ, ಎರಡು ಚಮಚ ವಿನೆಗರ್. ಸೋಡಾಗೆ ಹುಳಿ ಸೇರಿದ ತಕ್ಷಣ ಗಾಳಿ ಗುಳ್ಳೆ ಏಳುತ್ತೆ, ಅದೇ ಕೇಕನ್ನು ಉಬ್ಬಿಸುತ್ತೆ. ಅದಕ್ಕೇ ಕಲಸಿದ ಮೇಲೆ ಹಿಟ್ಟು ಕಾಯಬಾರದು, ಓವನ್ ಮೊದಲೇ ಕಾದಿರಬೇಕು. ಕೋಕೋ ಪುಡಿಯಲ್ಲೂ ಎಚ್ಚರ. ಹಾಲಿಗೆ ಕಲಸಿ ಕುಡಿಯುವ ಚಾಕಲೇಟ್ ಪುಡಿ ತಂದರೆ ಅದರಲ್ಲಿ ಹಾಲಿನ ಪುಡಿ ಇರಬಹುದು. ಅವರು ಬರೀ ಕೋಕೋ ಇರುವ ಪ್ಯಾಕ್ ತೆಗೆದು, ಲೇಬಲ್ಲಿನ ಫೋಟೋ ನನಗೆ ವಾಟ್ಸಾಪ್‌ ಮಾಡಿದರು. ಮೈದಾ ಪ್ಯಾಕಿನದೂ ಕಳಿಸಿದರು. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿಯಂಥ ಬೀಜ, ಸೋಯಾ, ಗೋಧಿ ಇದ್ದರೆ ಪ್ಯಾಕಿನ ಮೇಲೆ ಬೇರೆಯಾಗಿ ಹೇಳಲೇಬೇಕು. ಪ್ಯಾಕ್ ಮಾಡಿದ್ದಕ್ಕೆ ಈ ಅನುಕೂಲ ಇದೆ. ಅಂಗಡಿಯ ತಟ್ಟೆಯಿಂದ ತೂಗಿ ಕೊಡುವ ಸ್ವೀಟಿಗೆ ಲೇಬಲ್ ಎಲ್ಲಿಂದ ಬರಬೇಕು?

ಜರಡಿ ವಿಷಯ ಹೇಳಲೇಬೇಕು. ಪಾತ್ರೆ, ಟ್ರೇ, ಚಮಚ ಎಲ್ಲ ಬಿಸಿನೀರು, ಸೋಪು ಹಾಕಿ ತೊಳೆದಾಯಿತು. ಮೈದಾ ಜರಡಿಯನ್ನು ಮಾತ್ರ ಅವರು ಕಿಟಕಿ ಬೆಳಕಿಗೆ ಹಿಡಿದು ನೋಡಿದರು. ನನಗೂ ತೋರಿಸಿದರು. ಬಲೆ ಮತ್ತು ಸ್ಟೀಲ್ ಬಳೆ ಸೇರುವ ಸಂದಿಯಲ್ಲಿ ಸುತ್ತಲೂ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. "ಇದು ಬಾದಾಮಿ ಪುಡಿನೋ, ಹಾಲಿನ ಪುಡಿನೋ, ದೇವರಿಗೇ ಗೊತ್ತು. ಎಷ್ಟು ತೊಳೆದ್ರೂ ಹೋಗಲ್ಲ." ಭಾನುವಾರ ಬೆಳಿಗ್ಗೆ ಹೊಸ ಜರಡಿ ತಂದರು. 140 ರೂಪಾಯಿ. ಬಿಲ್ಲಿಗೆ ಸೇರಿಸಿ ಎಂದರೆ ಕೇಳಲಿಲ್ಲ. ಮೇಲೆ ಮಾರ್ಕರ್‌ನಲ್ಲಿ ಮಗಳ ಹೆಸರು ಬರೆದು ಕವರ್‌ಗೆ ಹಾಕಿ ಎತ್ತಿಟ್ಟಿದ್ದಾರೆ.

ಇನ್ನು ರುಚಿ. ಬೆಣ್ಣೆ ಕೇಕು ತಿಂದು ಅಭ್ಯಾಸ ಇರುವವರಿಗೆ ಇದು ಸ್ವಲ್ಪ ಬೇರೆ ಅನಿಸುತ್ತೆ. ಬೆಣ್ಣೆಯ ಆ ದಪ್ಪ ರುಚಿ ಇಲ್ಲ. ಆದರೆ ಮೆತ್ತಗಿದೆ, ಒದ್ದೆ ಒದ್ದೆಯಾಗಿದೆ, ಕೋಕೋ ಚೆನ್ನಾಗಿ ಗೊತ್ತಾಗುತ್ತೆ. ವಿನೆಗರ್ ವಾಸನೆ ಬರುತ್ತೇನೋ ಅಂತ ಮೂಗು ಹತ್ತಿರ ಇಟ್ಟು ನೋಡಿದೆ, ಇಲ್ಲ. ಸಿಹಿ ನನ್ನ ನಾಲಿಗೆಗೆ ಒಂದು ಕೈ ಜಾಸ್ತಿ. ಮಕ್ಕಳಿಗೆ ಸರಿಹೋಯಿತು.

ಎಡವಿದ್ದು ಐಸಿಂಗ್‌ನಲ್ಲಿ. ಕ್ರೀಮ್ ಬದಲು ಪುಡಿ ಸಕ್ಕರೆಗೆ ಬೀಟ್‌ರೂಟ್ ರಸ, ನಿಂಬೆಹನಿ ಹಾಕಿ ಮೇಲೆ ಬಿಟ್ಟಿದ್ದರು. ಮನೆಯಲ್ಲಿ ನೋಡಿದಾಗ ಚೆಂದದ ಗುಲಾಬಿ ಬಣ್ಣ. ಬೆಳಗಿನ ಸ್ಕೂಟರ್ ಸವಾರಿ, ಬಿಸಿಲು, ಎರಡು ಹಂಪ್ ಆದ ಮೇಲೆ ಅರ್ಧ ಐಸಿಂಗ್ ಪೇಪರ್ ಕಪ್ಪಿನ ಕೆಳಗೆ ಇಳಿದಿತ್ತು. ಅವತ್ತು ಸೋಮವಾರ, ಮಕ್ಕಳದ್ದು ಬಿಳಿ ಯೂನಿಫಾರ್ಮ್. ಮುಂದಿನದು ಊಹಿಸಿಕೊಳ್ಳಿ. ಕ್ಲಾಸ್ ಗ್ರೂಪಿನಲ್ಲಿ ಒಬ್ಬರು ತಾಯಿ ಬರೀ ಒಂದು ಶರ್ಟಿನ ಫೋಟೋ ಹಾಕಿದರು, ಕೆಳಗೆ ಒಂದು ಮಾತೂ ಇಲ್ಲ. ಮೇಡಂಗೆ ಹೇಳಿದೆ, ಮುಂದಿನ ಸಲ ಬರೀ ಪುಡಿ ಸಕ್ಕರೆ ಉದುರಿಸ್ತೀನಿ ಅಂದರು.

ಇನ್ನೊಂದು ದೂರು ಪ್ಯಾಕಿಂಗ್‌ನದ್ದು. ಡಬ್ಬದ ಮೇಲೆ ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ ಅಂಟಿಸಿದ್ದರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನೋಂದಣಿ ನಂಬರೂ ಇತ್ತು. ಆದರೆ ಪಟ್ಟಿ ಕೈಬರಹದಲ್ಲಿ, ಅದೂ ನೀಲಿ ಇಂಕಿನಲ್ಲಿ. ಐಸಿಂಗ್ ತಾಗಿ ಕಲಸಿಹೋಗಿತ್ತು. ಮಿಸ್ ನನಗೆ ಫೋನ್ ಮಾಡಿ ಒಂದೊಂದೇ ಕೇಳಿ, ಆಮೇಲೇ ಹಂಚಿದರು. ಫೋನ್ ಮಾಡಿದ್ದು ಒಳ್ಳೆಯದೇ ಆಯಿತು. ಎಲ್ಲ ಮಿಸ್‌ಗಳಿಗೂ ಇಷ್ಟು ತಾಳ್ಮೆ ಇರಲ್ಲ. ಆ ಪಟ್ಟಿ ಪ್ರಿಂಟ್ ಆಗಬೇಕು.

ಬೆಲೆ ಒಂದಕ್ಕೆ 50 ರೂಪಾಯಿ. ಮಕ್ಕಳು 36, ಮಿಸ್ ಒಬ್ಬರು, ಆಯಾ ಒಬ್ಬರು. ಒಟ್ಟು 38ಕ್ಕೆ 1,900 ಆಯಿತು. ಅಂಗಡಿ ಚಾಕಲೇಟಿನ ಲೆಕ್ಕದಲ್ಲಿ ದುಬಾರಿಯೇ. ಒಂದು ಇಡೀ ಭಾನುವಾರ ಬೇರೆ ಆರ್ಡರ್ ಬಿಟ್ಟಿದ್ದಾರೆ ಅನ್ನೋದನ್ನು ಸೇರಿಸಿದರೆ ಅಗ್ಗ. ಕನಿಷ್ಠ ಐದು ದಿನ ಮುಂಚೆ ಹೇಳಬೇಕು. ಮನೆಗೆ ತಂದುಕೊಡಲ್ಲ, ನಾವೇ ಹೋಗಿ ತರಬೇಕು.

ಒಂದು ಮಾತನ್ನು ಅವರು ಹಣ ತೆಗೆದುಕೊಳ್ಳುವ ಮೊದಲೇ ಹೇಳಿದರು. "ಸರ್, ನಂದು ಒಂದೇ ಅಡುಗೆಮನೆ. ಹಾಲು, ಗೋಡಂಬಿ ಎಲ್ಲ ಇಲ್ಲೇ ಬಂದು ಹೋಗುತ್ತೆ. ನೂರಕ್ಕೆ ನೂರು ಅಂತ ನಾನು ಹೇಳಲ್ಲ. ಔಷಧಿ ಸ್ಕೂಲಲ್ಲಿ ಇರಲಿ." ಡಾಕ್ಟರ್ ಬರೆದುಕೊಟ್ಟ ಔಷಧಿ, ಯಾವಾಗ ಏನು ಕೊಡಬೇಕು ಅನ್ನೋ ಚೀಟಿ ಮಿಸ್ ಟೇಬಲ್ಲಿನ ಡ್ರಾಯರಿನಲ್ಲಿ ಜೂನ್‌ನಿಂದಲೂ ಇದೆ. ಭಾನುವಾರ ಸಂಜೆ ಮನೆಯಲ್ಲೇ ಮಗಳಿಗೆ ಮೊದಲು ಒಂದು ತುಣುಕು ಕೊಟ್ಟು, ಎರಡು ಗಂಟೆ ಅವಳ ತುಟಿಯನ್ನೇ ನೋಡುತ್ತ ಕೂತೆ. ಅವಳು ನನ್ನನ್ನು ನೋಡಿ, "ಅಪ್ಪ, ನೀನು ಹೀಗೆ ನೋಡಿದ್ರೆ ನಂಗೆ ನಗು ಬರುತ್ತೆ" ಅಂದಳು.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಆ ಗುಲಾಬಿ ಶರ್ಟುಗಳ ಲೆಕ್ಕಕ್ಕೆ.

ಸೋಮವಾರ ಮಧ್ಯಾಹ್ನ ಮಗಳು ಮನೆಗೆ ಬಂದಾಗ ಮೂತಿಯೆಲ್ಲ ಗುಲಾಬಿ. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ತಮ್ಮನ ಮುಂದೆ ಇಟ್ಟಳು. ಕಡಲೆಕಾಯಿ ಆಗದ ಹುಡುಗ ಎರಡನೇದು ಕೇಳಿದನಂತೆ, ಆಯಾ ತಮಗೆ ಸಿಕ್ಕಿದ್ದನ್ನೇ ಅವನಿಗೆ ಕೊಟ್ಟರಂತೆ. ವಾಡಿಕೆಯಂತೆ ಕಾದು ಕೂತಿದ್ದ ತಮ್ಮ ಮುಚ್ಚಳ ತೆಗೆದ. ಖಾಲಿ. ತಳದಲ್ಲಿ ಮಡಚಿದ ಒಂದು ಪೇಪರ್ ಕಪ್ ಮಾತ್ರ ಇತ್ತು.

"ನಂದೆಲ್ಲಿ?" ಅಂದ.

"ಇವತ್ತಿಂದು ನಾನೇ ತಿಂದೆ" ಅಂದಳು.

ಅವನು ಅರ್ಧ ಗಂಟೆ ಅತ್ತ.