ಪುಲ್ಪಿಯ ಹರಳಿನ ಗವಿ ನೋಡಲು ಹೋಗುವವರಿಗೆ

ಸ್ಪೇನಿನ ಅಲ್ಮೇರಿಯಾ ಪ್ರಾಂತ್ಯದ ಪುಲ್ಪಿ ಎಂಬ ಊರಿನ ಬಳಿ ಇರುವ ಹರಳಿನ ಗವಿಯನ್ನು ನೋಡಲು ಹುಬ್ಬಳ್ಳಿ-ಧಾರವಾಡದಿಂದ ಅಷ್ಟು ದೂರ ಹೋಗಬೇಕೇ ಎಂದು ಕೇಳುವವರಿಗೆ, ಕಲ್ಲು-ಮಣ್ಣಿನ ಕಥೆಯಲ್ಲಿ ಆಸಕ್ತಿಯಿದ್ದರೆ ಖಂಡಿತ ಹೋಗಬೇಕು ಎಂದೇ ಹೇಳುತ್ತೇನೆ. ಆದರೆ ಗವಿಯೊಳಗೆ ಓಡಾಡುವ ಆಸೆ ಇಟ್ಟುಕೊಳ್ಳಬಾರದು. ಸುಮಾರು 8 ಮೀಟರ್ ಉದ್ದವಿದ್ದು, ಅಗಲ ಮತ್ತು ಎತ್ತರ ಎರಡೆರಡು ಮೀಟರನ್ನೂ ಮುಟ್ಟದ ಈ ಪೊಟರೆಯ ಬಾಯಲ್ಲಿ ತಲೆ-ಭುಜ ತೂರಿಸಿ ನೋಡುವುದಕ್ಕಷ್ಟೇ ಅವಕಾಶ.

ಆ ನೋಟವೇ ಸಾಕು. ನರಗುಂದ, ನವಲಗುಂದದ ಸವಳು ಹೊಲಗಳಿಗೆ ನಮ್ಮ ರೈತರು ಚೀಲಗಟ್ಟಲೆ ಹಾಕುವ ಜಿಪ್ಸಂ ಪುಡಿಯ ಖನಿಜವೇ ಇಲ್ಲಿ ಪೊಟರೆಯ ಎಲ್ಲ ಗೋಡೆಗಳಿಂದಲೂ ತಿಳಿನೀರಿನಷ್ಟು ಪಾರದರ್ಶಕವಾದ ಹರಳುಗಳಾಗಿ ಚಾಚಿಕೊಂಡಿದೆ. ಕೆಲವು ಎರಡು ಮೀಟರಿನಷ್ಟು ಉದ್ದವಾಗಿವೆ.

ಹಿಂದೆ ಕಬ್ಬಿಣ, ಸೀಸ, ಬೆಳ್ಳಿಯ ಅದಿರು ತೆಗೆಯುತ್ತಿದ್ದ ಮಿನಾ ರಿಕಾ ಎಂಬ ಗಣಿಯೊಳಗೆ ಈ ಗವಿಯಿದೆ. ಗಣಿ ಮುಚ್ಚಿದ ಎಷ್ಟೋ ವರ್ಷಗಳ ನಂತರ, 1999ರಲ್ಲಿ, ಖನಿಜ ಸಂಗ್ರಾಹಕರ ಕಣ್ಣಿಗೆ ಬಿದ್ದ ಇದು ಸಾರ್ವಜನಿಕರಿಗೆ ತೆರೆದದ್ದು 2019ರಲ್ಲಿ.

ಅದೇ ವರ್ಷ ಪ್ರಕಟವಾದ ಸಂಶೋಧನೆಯೊಂದು ಹರಳುಗಳ ಹುಟ್ಟನ್ನು ವಿವರಿಸಿತು. ಸುತ್ತಲಿನ ಬಂಡೆಯಲ್ಲಿದ್ದ ಅನ್‌ಹೈಡ್ರೈಟ್ ಎಂಬ ನೀರಿಲ್ಲದ ಕ್ಯಾಲ್ಸಿಯಂ ಸಲ್ಫೇಟ್ ಅಂತರ್ಜಲದಲ್ಲಿ ನಿಧಾನವಾಗಿ ಕರಗಿ, ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಜಿಪ್ಸಂ ಆಗಿ ಮರಳಿ ಘನೀಭವಿಸಿತು. ಉಷ್ಣತೆ ಸ್ವಲ್ಪ ಏರಿಳಿದಾಗಲೆಲ್ಲ ಸಣ್ಣ ಹರಳುಗಳು ಕರಗಿ, ಆ ದ್ರವ್ಯವೇ ದೊಡ್ಡವುಗಳಿಗೆ ಸೇರುತ್ತಾ ಹೋಯಿತು. ಹೀಗೆ ಬೆಳೆದ ಹರಳುಗಳಿಗೆ ಕನಿಷ್ಠ 60,000 ವರ್ಷಗಳಾಗಿವೆ, ಆದರೆ 20 ಲಕ್ಷ ವರ್ಷ ದಾಟಿಲ್ಲ. ನಮ್ಮೂರಿನ ಹೆಸರನ್ನೇ ಹೊತ್ತ ಧಾರವಾಡ ಶಿಲಾಸಮೂಹಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿರುವುದರಿಂದ, ಈ ಗವಿಯ ವಿಶೇಷ ಹಳಮೆಯಲ್ಲಿಲ್ಲ. ಅಷ್ಟು ಕಾಲ ಕದಡದೆ ನಿಂತ ನೀರಿನಲ್ಲಿದೆ.

ಮೆಕ್ಸಿಕೋದ ನೈಕಾ ಗಣಿಯಲ್ಲಿ 11 ಮೀಟರ್ ಉದ್ದದ ಜಿಪ್ಸಂ ಹರಳುಗಳಿವೆ, ನಿಜ. ಆದರೆ 58 ಡಿಗ್ರಿ ಬಿಸಿಯಿದ್ದ ಆ ಗುಹೆ, ನೀರೆತ್ತುವ ಕೆಲಸ ನಿಂತ ಮೇಲೆ ಮತ್ತೆ ಮುಳುಗಿದೆ. ಸಾಮಾನ್ಯ ಪ್ರವಾಸಿಗೆ ತಲುಪಲು ಸಾಧ್ಯವಿರುವುದು ಪುಲ್ಪಿಯೇ.

ಗವಿಯ ಬಾಯಲ್ಲಿ ನಿಲ್ಲಲು ಸಿಗುವ ಸಮಯ ಕಡಿಮೆ, ಮತ್ತು ಅದು ಸರಿಯಾದ ಕಟ್ಟುಪಾಡು ಎಂದು ನಾನು ದೃಢವಾಗಿ ನಂಬುತ್ತೇನೆ. ಜಿಪ್ಸಂ ಉಗುರಿನಿಂದ ಗೀರಬಹುದಾದಷ್ಟು ಮೆದು, ನೀರಿನಲ್ಲಿ ಅಲ್ಪಸ್ವಲ್ಪ ಕರಗುವಂಥದ್ದು. ಜನರ ಉಸಿರಿನ ತೇವ ಹರಳಿನ ಮೇಲೆ ಹನಿಗಟ್ಟಿದರೆ ಆ ಹೊಳಪು ಮಂಕಾಗುತ್ತದೆ. ಆದ್ದರಿಂದ ನೋಡಬೇಕಾದದ್ದನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು.

ಹೆಲ್ಮೆಟ್ ಧರಿಸಿ, ಮಾರ್ಗದರ್ಶಕರೊಂದಿಗೆ ಸಣ್ಣ ಗುಂಪುಗಳಲ್ಲಿ ಇಳಿಯಬೇಕು. ಸುರುಳಿ ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿರುವ ಹಿರಿಯರು ಯೋಚಿಸಿ ಹೊರಡಬೇಕು. ಮುಂಗಡವಾಗಿ ಟಿಕೆಟ್ ಕಾಯ್ದಿರಿಸಿದ ನಂತರವೇ ಪ್ರಯಾಣದ ಉಳಿದ ಏರ್ಪಾಡು ಮಾಡಿಕೊಳ್ಳಿ.